ತಿಂಗಳಿಗೆ ಮೂವತ್ತು ಗೆಂಡೆ

ನನಗೆ ಸಿಟ್ಟು ಬೇಗ ಬರುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ನಡೆದದ್ದನ್ನು ಕೇಳಿದ ಮೇಲೆ ನೀವೇ ಹೇಗೂ ಅದನ್ನು ಹೇಳುತ್ತೀರಿ.

ನದಿ ದಂಡೆಯ ಮೀನು ಪರೀಕ್ಷಾ ಕೇಂದ್ರದಲ್ಲಿ ನಾನು ಪ್ರಯೋಗಾಲಯ ಸಹಾಯಕಿ. ಕೇಂದ್ರ ಎಂದರೆ ದೊಡ್ಡದೇನಲ್ಲ. ಎರಡು ಕೋಣೆ, ಒಂದು ಫ್ರಿಜ್, ಒಂದು ಸೂಕ್ಷ್ಮದರ್ಶಕ, ಗೋಡೆಗೆ ತಾಗಿಸಿಟ್ಟ ಒಂದು ಸ್ಟೀಲ್ ಮೇಜು. ಒಂದು ಕೋಣೆಯಲ್ಲಿ ಮೇಡಂ ಕೂರುತ್ತಾರೆ, ಇನ್ನೊಂದರಲ್ಲಿ ನಾನು ಮತ್ತು ಸತ್ತ ಮೀನುಗಳು. ಇಪ್ಪತ್ತೆರಡು ವರ್ಷದಿಂದ ಇದೇ ಸಂಸಾರ. ಸಂಜೆ ಬಸ್ಸಿನಲ್ಲಿ ನನ್ನ ಪಕ್ಕದ ಸೀಟಿಗೆ ಯಾರೂ ಬರುವುದಿಲ್ಲ. ಬಂದವರೂ ಮೂಗಿಗೆ ಸೆರಗೋ ಕರವಸ್ತ್ರವೋ ಹಿಡಿದು ಎದ್ದು ಹೋಗುತ್ತಾರೆ. ಹೋಗಲಿ, ನಾನು ಚೀಲ ಇಟ್ಟುಕೊಂಡು ಆರಾಮಾಗಿ ಬರುತ್ತೇನೆ. ದಂಡೆಯ ಮೀನುಗಾರರು ನನಗಿಟ್ಟ ಹೆಸರು ‘ತಕ್ಕಡಿ’. ಎದುರಿಗೆ ಅಕ್ಕ ಅನ್ನುತ್ತಾರೆ, ಬೆನ್ನ ಹಿಂದೆ ತಕ್ಕಡಿ. ನನಗೆ ಗೊತ್ತು, ಗೊತ್ತಿದೆ ಎಂದು ಅವರಿಗೂ ಗೊತ್ತು.

ಕಳೆದ ವರ್ಷ ನಮಗೆ ಬಂದ ಕೆಲಸ ಇದು. ಊರಿನಿಂದ ಸ್ವಲ್ಪ ಮೇಲೆ ನದಿಗೆ ಒಂದು ಕಾಗದದ ಕಾರ್ಖಾನೆಯ ಕೊಳವೆ ಬೀಳುತ್ತದೆ. ಆ ಕೊಳವೆ ಬಂದ ಮೇಲೆ ಕೆಳಗಿನ ನೀರಿನಲ್ಲಿ ಗೆಂಡೆ ಮೀನು ಸೊರಗಿವೆ, ಬೆಳೆಯುತ್ತಲೇ ಇಲ್ಲ ಎಂದು ದಂಡೆಯ ಮೀನುಗಾರರು ದೂರು ಕೊಟ್ಟರು. ಕಾರ್ಖಾನೆಯವರು ಅದೇ ಹೊತ್ತಿಗೆ ಎರಡನೇ ಕೊಳವೆಗೆ ಅನುಮತಿ ಕೇಳಿದ್ದರು. ಒಂದು ವರ್ಷ ಮೀನು ನೋಡಿ, ಆಮೇಲೆ ತೀರ್ಮಾನ ಎಂದು ಮೇಲಿನವರು ಹೇಳಿದರು. ಮೀನು ಸೊರಗಿದ್ದು ನಿಜವಾದರೆ ಎರಡನೆಯದಕ್ಕೆ ಅನುಮತಿ ಇಲ್ಲ, ಮೊದಲನೆಯದಕ್ಕೂ ನೀರು ಶುದ್ಧ ಮಾಡುವ ಯಂತ್ರ ಹಾಕಬೇಕು. ಇಲ್ಲವಾದರೆ ಎರಡೂ ಕೊಳವೆ ನದಿಗೆ.

ನೋಡುವುದು ಹೇಗೆ ಅಂದರೆ ಹೀಗೆ. ತಿಂಗಳ ಮೊದಲ ಸೋಮವಾರ ಕೊಳವೆಯ ಕೆಳಗಿನ ನೀರಿನಿಂದ ಮೂವತ್ತು ಗೆಂಡೆ ತರಬೇಕು. ಮೂತಿಯ ತುದಿಯಿಂದ ಬಾಲದ ಕವಲಿನವರೆಗೆ ಅಳೆಯಬೇಕು. ನೀರು ಒರೆಸಿ ತೂಗಬೇಕು. ಕೊಯ್ದು, ಹೊಟ್ಟೆ ಎಷ್ಟು ತುಂಬಿದೆ, ಏನು ತಿಂದಿದೆ, ಕರುಳಿನ ಸುತ್ತ ಕೊಬ್ಬು ಇದೆಯೇ, ಹೆಣ್ಣಾದರೆ ಮೊಟ್ಟೆ ಯಾವ ಹಂತದಲ್ಲಿದೆ ಎಂದು ಬರೆಯಬೇಕು. ಮೈಮೇಲಿನ ಒಂದು ಹುರುಪೆ ಕಿತ್ತು ಗಾಜಿನ ಮೇಲಿಟ್ಟು ಅದರ ಉಂಗುರ ಎಣಿಸಿದರೆ ವಯಸ್ಸು ತಿಳಿಯುತ್ತದೆ. ಕೊನೆಗೆ ಉದ್ದಕ್ಕೆ ತಕ್ಕ ಮೈ ಇದೆಯೇ ಎಂದು ಒಂದು ಅಂಕಿ ತೆಗೆಯುತ್ತೇವೆ. ಇಪ್ಪತ್ತೆರಡು ಸೆಂಟಿಮೀಟರ್ ಗೆಂಡೆ ನೂರಿಪ್ಪತ್ತು ಗ್ರಾಂ ತೂಗಿದರೆ ಆ ಅಂಕಿ ಒಂದಕ್ಕಿಂತ ಮೇಲೆ ನಿಲ್ಲುತ್ತದೆ, ಅದು ಚೆನ್ನಾಗಿ ಉಂಡ ಮೀನು. ಒಂದಕ್ಕಿಂತ ಕೆಳಗೆ ಇಳಿಯಿತೋ, ನದಿಯಲ್ಲಿ ಏನೋ ಸರಿಯಿಲ್ಲ.

ಮೀನು ಯಾರಿಂದ ತರುವುದು ಎಂಬ ಪ್ರಶ್ನೆ ಬಂದಾಗ ನಾನು ಚಿಕ್ಕಪ್ಪನ ಹೆಸರು ಹೇಳಿದೆ.

ನನ್ನ ಅಪ್ಪ ತೀರಿಕೊಂಡಾಗ ನನಗೆ ಆರು ವರ್ಷ. ಅಮ್ಮ ಅದಕ್ಕೂ ಮೊದಲೇ ಹೋಗಿದ್ದಳು. ಚಿಕ್ಕಪ್ಪ ಚಿಕ್ಕಮ್ಮ ಇಬ್ಬರೇ ನನ್ನನ್ನು ಸಾಕಿದವರು. ಅವರಿಗೆ ಮಕ್ಕಳಾಗಲಿಲ್ಲ. ಹುಡುಗಿಗೆ ಯಾಕೆ ಓದು ಎಂದು ದಂಡೆಯ ಮೇಲೆ ಕೇಳಿದವರಿಗೆಲ್ಲ ಚಿಕ್ಕಪ್ಪ ‘ನಿಮ್ಮ ಬಲೆ ನೀವು ನೋಡ್ಕೊಳ್ಳಿ’ ಎಂದು ಹೇಳಿ ಬಾಯಿ ಮುಚ್ಚಿಸುತ್ತಿದ್ದ. ನನಗೆ ಸರ್ಕಾರಿ ಕೆಲಸ ಸಿಕ್ಕ ದಿನ ಅವನು ಆದೇಶದ ಕಾಗದವನ್ನು ದೋಣಿ ದೋಣಿಗೂ ಒಯ್ದು ತೋರಿಸಿದ. ಓದಲು ಬಾರದವರಿಗೂ ತೋರಿಸಿದ. ಅವತ್ತಿನಿಂದ ನಾನು ಅವನೊಬ್ಬನ ಮಗಳಾಗಿ ಉಳಿಯಲಿಲ್ಲ, ಇಡೀ ದಂಡೆಗೆ ‘ನಮ್ಮ ಹುಡುಗಿ’ಯಾದೆ.

“ಸಂಬಂಧಿಕರು ಬೇಡ, ನಾಳೆ ಯಾರಾದ್ರೂ ಮಾತಾಡ್ತಾರೆ” ಎಂದಿದ್ದರು ಮೇಡಂ. ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಮೆದು ಮಾತಿನವರು. ನಾನು ಎಗರಿಬಿದ್ದೆ. “ಮೇಡಂ, ದೂರಿನಲ್ಲಿ ಮೊದಲ ಸಹಿ ಅವನದೇ. ಆದ್ರೂ ಹೇಳ್ತೀನಿ, ಒಂದು ಹುರುಪೆಯಷ್ಟೂ ಮೋಸ ಮಾಡೋನಲ್ಲ. ಬೇರೆಯವರಾದ್ರೆ ಕಂಡ ಕಂಡ ಕೆರೆ ಮೀನು ತಂದು ಸುರೀತಾರೆ.” ಮೇಡಂ ಸುಮ್ಮನಾದರು. ನನ್ನ ಜೊತೆ ವಾದಕ್ಕೆ ಇಳಿದವರು ಸಾಮಾನ್ಯವಾಗಿ ಸುಮ್ಮನಾಗುತ್ತಾರೆ. ಅದರಿಂದ ನನಗೆ ಒಳ್ಳೆಯದಾದದ್ದು ನೆನಪಿಲ್ಲ.

ಮೊದಲ ತಿಂಗಳಿಗೂ ಮುಂಚೆ, ಪ್ರಾಯೋಗಿಕವಾಗಿ ಚಿಕ್ಕಪ್ಪ ಒಂದು ಬುಟ್ಟಿ ತಂದಿದ್ದ. ಆ ದಿನ ಮೇಲಿನ ಕಚೇರಿಯಿಂದ ಒಬ್ಬ ಸಾಹೇಬರು ಬಂದಿದ್ದರು. ದಾರಿಯಲ್ಲಿ ಐಸ್ ಕರಗಿ ಮೀನು ಸ್ವಲ್ಪ ಮೆತ್ತಗಾಗಿದ್ದವು. ಸಾಹೇಬರು ಬುಟ್ಟಿ ನೋಡಿ ನನ್ನ ಮೇಲೆ ಹರಿಹಾಯ್ದರು. “ಇದೇನ್ರೀ ಇದು, ಬೆಕ್ಕಿಗೆ ಹಾಕೋ ಮೀನು ತಂದಿದ್ದೀರಿ? ಇಷ್ಟು ವರ್ಷ ಕೆಲಸ ಮಾಡಿ ಕಲಿತದ್ದು ಇದೇನಾ?” ಚಿಕ್ಕಪ್ಪ ಬಾಗಿಲ ಹತ್ತಿರ ಚಪ್ಪಲಿ ಕಳಚಿ ನಿಂತಿದ್ದ. ಅವನ ಮುಖ ನಾನು ನೋಡಲಿಲ್ಲ. ಸಾಹೇಬರು ಹೋದ ಮೇಲೆ, “ಐಸ್ ಜಾಸ್ತಿ ಹಾಕಿ ತಾ, ಅಷ್ಟೇ” ಎಂದೆ. ಆಮೇಲೆ ನಿಯಮದ ಹಾಳೆಯನ್ನು ಅವನಿಗೆ ಓದಿ ಹೇಳಿದೆ. ಬಲೆಗೆ ಬಂದದ್ದು ಬಂದ ಹಾಗೆ, ಆರಿಸದೆ, ಮೊದಲು ಕೈಗೆ ಸಿಕ್ಕ ಮೂವತ್ತು.

ಚಿಕ್ಕಪ್ಪ ತಲೆಯಾಡಿಸಿದ. ‘ನಮಗೇನೂ ಮಾಡಬೇಡಿ, ಒಂದು ಲೋಟ ನೀರು ಸಾಕು’ ಎನ್ನುವ ನೆಂಟರ ಮಾತಿಗೆ ಮನೆಯವರು ತಲೆಯಾಡಿಸಿ ಒಲೆ ಹಚ್ಚಲು ಹೋಗುತ್ತಾರಲ್ಲ, ಹಾಗೆ. ಇದು ಆಗ ನನಗೆ ಹೊಳೆಯಲಿಲ್ಲ.

ಮೊದಲ ತಿಂಗಳ ಅಂಕಿ ಒಂದು ದಶಾಂಶ ಒಂದು ನಾಲ್ಕು. ಎರಡನೇ ತಿಂಗಳು ಒಂದು ದಶಾಂಶ ಒಂದು ಐದು. ಆ ಎರಡು ತಿಂಗಳೂ ಮೂರ್ನಾಲ್ಕು ಹೊಟ್ಟೆಗಳಲ್ಲಿ ಬೂದು ಬಣ್ಣದ ನಾರಿನಂಥದ್ದು ಇತ್ತು. ‘ಗುರುತಿಸಲಾಗದ ಪದಾರ್ಥ’ ಎಂದು ಬರೆದೆ. ಮೂರನೇ ತಿಂಗಳಿಂದ ಅದೂ ಇಲ್ಲ. ಹಸಿರು ಪಾಚಿ, ಎಲೆಯ ಚೂರು, ಹುಳುವಿನ ಮರಿ, ಒಂದಿಷ್ಟು ಮರಳು. ಗೆಂಡೆ ತಿನ್ನಬೇಕಾದದ್ದೆಲ್ಲ ತಿಂದಿತ್ತು. ಕರುಳಿನ ಮೇಲೆ ಬೆಣ್ಣೆಯಂಥ ಕೊಬ್ಬು. ಹುರುಪೆಯ ಉಂಗುರಗಳು ಅಗಲಗಲ. ಮೂವತ್ತು ಮೀನೂ ಒಂದೇ ಅಚ್ಚಿನಲ್ಲಿ ತೆಗೆದ ಹಾಗೆ, ಇಪ್ಪತ್ತೊಂದರಿಂದ ಇಪ್ಪತ್ಮೂರು ಸೆಂಟಿಮೀಟರ್ ಒಳಗೆ.

“ಸಣ್ಣ ಮೀನೇ ಇಲ್ವಲ್ಲ?” ಎಂದು ಮೇಡಂ ಒಮ್ಮೆ ಕೇಳಿದರು.

“ಬಲೆಯ ಕಣ್ಣು ದೊಡ್ಡದು ಮೇಡಂ” ಎಂದೆ. ಉತ್ತರ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ನಿಜ ಹೇಳಬೇಕೆಂದರೆ ನನಗೆ ಆ ಅಂಕಣ ನೋಡಿದರೆ ಖುಷಿಯಾಗುತ್ತಿತ್ತು. ಎಲ್ಲೂ ಏರುಪೇರಿಲ್ಲದ, ತಿದ್ದಿಲ್ಲದ, ಶುದ್ಧವಾದ ಅಂಕಣ. ಇಪ್ಪತ್ತೆರಡು ವರ್ಷದ ಅನುಭವ ಇದ್ದವಳು ಅದೊಂದನ್ನು ನೋಡಿಯೇ ಹೌಹಾರಬೇಕಿತ್ತು. ನದಿಯ ಮೀನು ಹಾಗೆ ಸಾಲಾಗಿ ಬರುವುದಿಲ್ಲ. ನಾನು ಹಿಗ್ಗಿದೆ.

ವರದಿ ಮುಗಿಯುವವರೆಗೆ ಅಂಕಿ ಹೊರಗೆ ಹೋಗಬಾರದು ಎಂಬ ನಿಯಮ ಇತ್ತು. ನಾನು ಚಿಕ್ಕಪ್ಪನಿಗೆ ಹೇಳಲಿಲ್ಲ. ಅವನೂ ಕೇಳಲಿಲ್ಲ. ಒಂದೇ ಒಂದು ಸಲ, ಐದನೇ ತಿಂಗಳೋ ಏನೋ, ಬುಟ್ಟಿ ಕೆಳಗಿಳಿಸುತ್ತಾ, “ಅಲ್ಲ ಮಗಳೇ, ಇದನ್ನ ಕೊಯ್ದು ಏನ್ ನೋಡ್ತೀರಿ?” ಎಂದ. ನಾನು ಕೈಗವಸು ಹಾಕಿಕೊಳ್ಳುತ್ತಿದ್ದೆ. “ನಿನಗೆ ಅರ್ಥ ಆಗಲ್ಲ ಬಿಡು ಚಿಕ್ಕಪ್ಪ” ಎಂದೆ. ಅವನು “ಅದೂ ಸರಿ ಅನ್ನು” ಎಂದು ನಕ್ಕು ಹೋದ. ದೂರನ್ನು ನೀರು ಪರೀಕ್ಷೆಯವರು ನೋಡಿಕೊಳ್ಳುತ್ತಾರೆ, ಬಾಟಲಿಯಲ್ಲಿ ನೀರು ತುಂಬಿಕೊಂಡು ಹೋದವರು ಬೇರೆ ಇದ್ದಾರೆ, ಮೀನು ಕೊಯ್ಯುವುದು ನನ್ನ ದಿನನಿತ್ಯದ ಕೆಲಸ ಎಂದೇ ಅವನು ತಿಳಿದಿದ್ದನಂತೆ. ಎರಡು ನಿಮಿಷ ಕೂತು ಹೇಳಿದ್ದರೆ ಅವನಿಗೆ ಅರ್ಥವಾಗುತ್ತಿತ್ತು. ಗೆಂಡೆಯ ವಿಷಯ ಅವನಿಗೆ ತಿಳಿದಷ್ಟು ನಮ್ಮ ಕಚೇರಿಯಲ್ಲಿ ಯಾರಿಗೂ ತಿಳಿಯದು.

ಭಾನುವಾರ ಊಟಕ್ಕೆ ಹೋದಾಗ ಮಾತ್ರ ಜಗಳ ಆಗುತ್ತಿತ್ತು. “ಮೀನಲ್ಲಿ ಏನೂ ಉಳಿದಿಲ್ಲ, ತಲೆ ಬಿಟ್ರೆ ಮುಳ್ಳು” ಎಂದು ಚಿಕ್ಕಪ್ಪ ಶುರುಮಾಡಿದರೆ, ನಾನು ತಟ್ಟೆಯಿಂದ ತಲೆ ಎತ್ತದೆ, “ನೀವು ದಂಡೆಯವರು ಎಲ್ಲಾದಕ್ಕೂ ಸ್ವಲ್ಪ ಒಗ್ಗರಣೆ ಹಾಕಿಯೇ ಹೇಳೋದು” ಎನ್ನುತ್ತಿದ್ದೆ. ಒಳಗೊಳಗೇ ಅವರ ದೂರು ಸುಳ್ಳು ಎಂದು ನಂಬಿದ್ದೆ. ನನ್ನ ತಕ್ಕಡಿ ಹೇಳುವುದೇ ಬೇರೆ ಇತ್ತಲ್ಲ. ಚಿಕ್ಕಮ್ಮ ಇಬ್ಬರಿಗೂ ಸಾರು ಬಡಿಸಿ, “ಊಟ ಮಾಡುವಾಗಲಾದ್ರೂ ಮೀನಿನ ಮಾತು ಬಿಡ್ರಪ್ಪ” ಎನ್ನುತ್ತಿದ್ದಳು.

ಹನ್ನೊಂದನೇ ತಿಂಗಳ ಸೋಮವಾರದ ಹಿಂದಿನ ದಿನ ಚಿಕ್ಕಪ್ಪನ ಸೊಂಟ ಹಿಡಿದುಕೊಂಡಿತು. ಎದ್ದು ಕೂರಲೂ ಆಗದು ಎಂದು ಸುದ್ದಿ ಬಂತು. ನಾನೇ ಸೋಮವಾರ ಬೆಳಿಗ್ಗೆ ದಂಡೆಗೆ ಹೋದೆ.

ದೋಣಿಗಳು ಬಂದು ನಿಂತಿದ್ದವು. ಸಿಮೆಂಟಿನ ಕಟ್ಟೆಯ ಮೇಲೆ ಮೀನು ಸುರಿದಿದ್ದರು. ನಾನು ಹತ್ತಿರ ಹೋಗಿ ನೋಡಿದೆ. ಮೊದಲು ಬೇರೆ ಯಾವುದೋ ಜಾತಿ ಎಂದುಕೊಂಡೆ. ದಪ್ಪ ತಲೆ, ಅದರ ಹಿಂದೆ ಕುಗ್ಗಿದ ಮೈ, ಬೆನ್ನು ಕತ್ತಿಯ ಹಾಗೆ ಚೂಪು. ಒಂದನ್ನು ಎತ್ತಿಕೊಂಡೆ. ಗೆಂಡೆಯೇ. ಅಂಗೈಯಲ್ಲಿ ಭಾರವೇ ಇರಲಿಲ್ಲ. ಕಟ್ಟೆಯ ಉದ್ದಕ್ಕೂ ಅಂಥವೇ ಇದ್ದವು. ಅಂಗೈಯಗಲದ ಸಣ್ಣವು, ಬೆರಳುದ್ದದವು, ದೊಡ್ಡವು, ಎಲ್ಲವೂ ಒಣಗಿದಂತಿದ್ದವು.

ಆಚೆ ಕೊನೆಯಲ್ಲಿ ಚಿಕ್ಕಮ್ಮ ಕುಕ್ಕರುಗಾಲಿನಲ್ಲಿ ಕೂತು ಮೀನು ಆರಿಸುತ್ತಿದ್ದಳು. ಪಕ್ಕದಲ್ಲಿ ನನಗೆ ಚೆನ್ನಾಗಿ ಪರಿಚಯವಿದ್ದ ಬುಟ್ಟಿ, ಮೇಲೆ ಒದ್ದೆ ಬಟ್ಟೆ.

“ಬಂದ್ಯಾ? ಇರು, ಇನ್ನೂ ಹತ್ತು ಕಮ್ಮಿ ಇದೆ” ಎಂದಳು. ಆಮೇಲೆ ಕಟ್ಟೆಯ ಕಡೆ ತಿರುಗಿ ದೊಡ್ಡ ದನಿಯಲ್ಲಿ, “ಯಾರ ಹತ್ರ ಆದ್ರೂ ಮೈ ಇರೋದು ಇದ್ರೆ ಕೊಡ್ರಪ್ಪ, ನಮ್ಮ ಹುಡುಗಿ ಆಫೀಸಿಗೆ!” ಎಂದು ಕೂಗಿದಳು.

ಒಬ್ಬ ಮುದುಕ ತನ್ನ ರಾಶಿಯಲ್ಲಿ ಕೈಯಾಡಿಸಿ ಒಂದು ಮೀನು ತಂದು ಬುಟ್ಟಿಗೆ ಹಾಕಿದ. ಇನ್ನೊಬ್ಬ ಎರಡು ತಂದ. “ಇವತ್ತು ಇಷ್ಟೇ ಅಕ್ಕ, ಬೇಜಾರ್ ಮಾಡ್ಕೋಬೇಡಿ” ಎಂದು ನನ್ನ ಕ್ಷಮೆ ಬೇರೆ ಕೇಳಿದ.

“ಚಿಕ್ಕಮ್ಮ, ಪ್ರತಿ ತಿಂಗಳೂ ಹೀಗೇ ಆರಿಸ್ತಿದ್ರಾ?”

“ಮತ್ತೆ? ಹಾಗೇ ಬಾಚಿ ಕೊಡೋಕಾಗುತ್ತಾ? ಮೊದಲೆರಡು ತಿಂಗಳು ಇಲ್ಲೇ ಎಲ್ಲಾರ ಬಲೆಯಲ್ಲೂ ಹುಡುಕಿದ್ರೆ ಸಿಕ್ತಿತ್ತು. ಆಮೇಲೆ ಎಲ್ಲಿ ಸಿಗುತ್ತೆ? ನಿನ್ನ ಚಿಕ್ಕಪ್ಪ ಹಿಂದಿನ ರಾತ್ರೀನೇ ದೋಣಿ ತಗೊಂಡು ಕೊಳವೆಯಿಂದ ಮೇಲಕ್ಕೆ ಹೋಗಿ, ಅಲ್ಲಿ ಹಳ್ಳ ಸೇರೋ ಕಡೆ ಬಲೆ ಹಾಕಿ ತರ್ತಿದ್ದ. ಪ್ರವಾಹಕ್ಕೆ ಎದುರು ಅಷ್ಟು ದೂರ ಹುಟ್ಟು ಹಾಕೋದಂದ್ರೆ ಸುಮ್ನೇನಾ? ಅದಕ್ಕೇ ಈಗ ಸೊಂಟ ಹೋಗಿರೋದು. ಹೇಳ್ಬೇಡ ಅಂದಿದ್ದ, ನೀನು ಬೈತೀಯ ಅಂತ.” ಆಮೇಲೆ ದನಿ ತಗ್ಗಿಸಿ, “ಅವತ್ತು ಆ ಸಾಹೇಬ ನಿನಗೆ ಅಂದದ್ದನ್ನ ಮನೆಗೆ ಬಂದು ಹೇಳಿ ಅತ್ತುಬಿಟ್ಟ ಕಣೇ. ಇನ್ನು ಮೀನಿನ ದೆಸೆಯಿಂದ ನನ್ನ ಮಗಳು ಯಾರ ಕೈಲೂ ಮಾತು ಕೇಳಬಾರದು ಅಂದ” ಎಂದಳು.

ನಾನು ಆ ಬುಟ್ಟಿ ಮುಟ್ಟಲಿಲ್ಲ. ಕಟ್ಟೆಯ ಮೇಲಿನ ಮೊದಲ ರಾಶಿಯಿಂದ, ಕಣ್ಣು ಬೇರೆ ಕಡೆ ಇಟ್ಟು, ಕೈಗೆ ಬಂದ ಮೂವತ್ತು ಎಣಿಸಿಕೊಂಡೆ. ಚಿಕ್ಕಮ್ಮ ಎದ್ದು ನಿಂತು, “ಅಯ್ಯೋ ಅದನ್ಯಾಕೆ, ನಾಚಿಕೆಗೇಡು” ಎನ್ನುತ್ತಲೇ ಇದ್ದಳು.

ಮೇಜಿನ ಮೇಲೆ ಕೊಯ್ಯಲು ಶುರುಮಾಡಿದಾಗ ಇನ್ನೂ ಕೆಟ್ಟದ್ದು ಕಾಣಿಸಿತು. ಹೊಟ್ಟೆ ಖಾಲಿ ಇರುತ್ತದೆ ಎಂದುಕೊಂಡಿದ್ದೆ. ಖಾಲಿ ಇರಲಿಲ್ಲ. ತುಂಬಿ ಬಿರಿಯುತ್ತಿದ್ದವು. ಒಳಗೆ ಬೂದು ಬಣ್ಣದ ನಾರಿನ ಹಿಟ್ಟು. ಕಾರ್ಖಾನೆಯ ತೊಳೆದ ನೀರಿನಲ್ಲಿ ಬರುವ ಕಾಗದದ ನಾರು, ಪಾಚಿಯ ಮೇಲೆ ಕೂತು ಪಾಚಿಯ ಜಾಗದಲ್ಲೇ ಹೊಟ್ಟೆಗೆ ಹೋಗಿತ್ತು. ದಿನವಿಡೀ ಮೇಯ್ದಿವೆ, ಒಂದು ತುತ್ತೂ ಮೈಗೆ ಹತ್ತಿಲ್ಲ. ಕರುಳಿನ ಮೇಲೆ ಕೊಬ್ಬಿನ ಗೆರೆ ಕೂಡ ಇರಲಿಲ್ಲ. ಹುರುಪೆಯಲ್ಲಿ ಮೊದಲ ಉಂಗುರ ಅಗಲ, ಆಮೇಲಿನವು ಅಂಚಿನಲ್ಲಿ ಒಂದರ ಮೇಲೊಂದು ಹತ್ತಿ ಕೂತಿದ್ದವು. ಕೊಳವೆ ಬಂದು ಅಷ್ಟೇ ಕಾಲವಾಗಿತ್ತು. ಇಪ್ಪತ್ತೆರಡು ಸೆಂಟಿಮೀಟರಿನ ಮೀನು ಎಂಬತ್ತೈದು ಗ್ರಾಂ ತೂಗಿತು. ಮೂವತ್ತರ ಸರಾಸರಿ ಸೊನ್ನೆ ದಶಾಂಶ ಎಂಟು. ಆ ಅಂಕಿ ಬರೆದು ನಾನು ಮೇಜಿನ ಅಂಚಿಗೆ ಹಣೆ ಒತ್ತಿ ಕೂತೆ. ಹತ್ತು ತಿಂಗಳು ಅವರ ಮನೆಯಲ್ಲೇ ಉಂಡು, ಅವರನ್ನೇ ಸುಳ್ಳುಗಾರರು ಎಂದುಕೊಂಡಿದ್ದೆ. ನನ್ನ ಬಗ್ಗೆ ನನಗೇ ಅಸಹ್ಯವಾಯಿತು.

ಮೇಡಂ ಎಲ್ಲ ಕೇಳಿದರು. ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

“ಒಂದು ತಿಂಗಳ ಅಂಕಿಯಿಂದ ಏನೂ ಆಗಲ್ಲ. ಮೊಟ್ಟೆ ಇಟ್ಟ ಕಾಲ ಈಗಷ್ಟೇ ಮುಗಿದಿದೆ. ಮೊಟ್ಟೆ ಇಟ್ಟ ಮೀನು ಸೊರಗೋದು ಸಹಜ ಅಂತ ಕಾರ್ಖಾನೆಯವರು ಹೇಳ್ತಾರೆ, ಪುಸ್ತಕದಲ್ಲೂ ಹಾಗೇ ಇದೆ. ಹಿಂದಿನ ಹತ್ತು ತಿಂಗಳು ಬಿದ್ದುಹೋಗಬೇಕು. ಮೀನು ಆರಿಸಿ ಕೊಟ್ಟದ್ದು ಅಂತ ನೀವು ಪತ್ರ ಬರೀರಿ. ವಿಚಾರಣೆ ದಿನ ಕೊಟ್ಟವರೂ ಬಂದು ಹೇಳಬೇಕು. ಅವರು ಬಾಯಿಬಿಟ್ಟು ಹೇಳಿದ್ರೆ ಇನ್ನೊಂದು ವರ್ಷ ಅಧ್ಯಯನ, ಅಲ್ಲಿವರೆಗೆ ಎರಡನೇ ಕೊಳವೆ ಇಲ್ಲ.”

“ನನ್ನ ಕೆಲಸ?” ಎಂದು ಕೇಳಿದೆ. ಕೇಳಬಾರದಿತ್ತು, ಬಾಯಿಗೆ ಬಂತು.

“ಅದಕ್ಕೇನಾಗುತ್ತೆ? ಎಚ್ಚರಿಕೆ ಪತ್ರ ಒಂದು ಬರಬಹುದು, ಅಷ್ಟೇ. ತಪ್ಪನ್ನ ನೀವೇ ಹೇಳ್ತಿದ್ದೀರಲ್ಲ.”

ಅವತ್ತೇ ಸಂಜೆ ಚಿಕ್ಕಪ್ಪನ ಮನೆಗೆ ಹೋದೆ. ಅವನು ಚಾಪೆಯ ಮೇಲೆ ಒಂದು ಮಗ್ಗುಲಾಗಿ ಮಲಗಿದ್ದ. ನನ್ನನ್ನು ಕಂಡು ಏಳಲು ಹೋದ, ಆಗಲಿಲ್ಲ. ನನಗೆ ಅಯ್ಯೋ ಅನ್ನಿಸಬೇಕಿತ್ತು. ದಾರಿಯುದ್ದಕ್ಕೂ ಕುದಿಯುತ್ತಾ ಬಂದಿದ್ದೆ, ಅಯ್ಯೋ ಅನ್ನಿಸಲಿಲ್ಲ.

“ಯಾರು ಹೇಳಿದ್ರು ನಿನಗೆ ಆರಿಸೋಕೆ? ಹಾಳೆ ಓದಿ ಹೇಳಿದ್ನೋ ಇಲ್ವೋ? ನಿಮ್ಮ ದೂರಿಗೆ ನೀವೇ ಕಲ್ಲು ಹಾಕ್ಕೊಂಡ್ರಿ. ನದಿ ಮೀನು ಪುಷ್ಟಿಯಾಗಿವೆ ಅಂತ ಹತ್ತು ತಿಂಗಳು ನನ್ನ ಕೈಲಿ ಬರೆಸಿದ್ರಿ.”

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಮೀನಿನ ಮೈ ನೋಡಿಯೇ ನದಿಯ ತೀರ್ಮಾನ ಎಂದು ಬಿಡಿಸಿ ಹೇಳಿದೆ. ಮೊದಲ ಸಲ ಹೇಳಿದೆ. ಚಿಕ್ಕಪ್ಪನ ಬಾಯಿ ಅರ್ಧ ತೆರೆದೇ ಉಳಿಯಿತು. ಚಿಕ್ಕಮ್ಮ ಬಾಗಿಲಲ್ಲಿ ಸೆರಗು ಬಾಯಿಗೆ ಒತ್ತಿ ನಿಂತಳು.

“ಆಫೀಸಿಗೆ ಹೋಗೋದು, ನಿನ್ನ ಕೈಗೆ ಹೋಗೋದು” ಎಂದ ಅವನು ತೊದಲುತ್ತಾ. “ಒಣಕಲು ಮೀನು ಹೇಗೆ ಕೊಡ್ಲಿ ಮಗಳೇ?” ಆಮೇಲೆ ಕೇಳಿದ್ದು ಒಂದೇ ಮಾತು. “ನಿನ್ನ ಕೆಲಸಕ್ಕೇನಾದ್ರೂ ತೊಂದರೆ ಆಗುತ್ತಾ?”

ಹೊರಗೆ ಅಷ್ಟು ದೊಡ್ಡ ನದಿ ಹಾಳಾಗುತ್ತಿದೆ, ಇವನು ನನ್ನ ಕೆಲಸ ಕೇಳುತ್ತಾನೆ ಎಂದು ನನ್ನ ಪಿತ್ತ ನೆತ್ತಿಗೇರಿತು. ಅವನಿಗೆ ನೋಯಲಿ ಎಂದೇ ಹೇಳಿದೆ, ಬೇಕೆಂದೇ ಹೇಳಿದೆ. “ಆಗದೇ ಏನು? ಹತ್ತು ತಿಂಗಳ ಸುಳ್ಳಿಗೆ ಸಹಿ ಹಾಕಿದವಳು ನಾನು. ಮನೆಗೆ ಕಳಿಸಿದ್ರೂ ಕಳಿಸ್ಬಹುದು. ನೀನು ವಿಚಾರಣೆಗೆ ಬಂದು, ನಾನೇ ಆರಿಸಿ ಕೊಟ್ಟೆ ಅಂತ ಹೇಳು. ಅಷ್ಟು ಮಾಡು ಸಾಕು.”

“ಹ್ಞೂಂ, ಬರ್ತೀನಿ” ಎಂದ. ನಾನು ನೀರು ಕೂಡ ಕುಡಿಯದೆ ಎದ್ದು ಬಂದೆ.

ಆಮೇಲೆ ವಿಚಾರಣೆಗೆ ಒಂದು ತಿಂಗಳು ಇತ್ತು. ನಾಲ್ಕು ಭಾನುವಾರ. ಒಂದು ಭಾನುವಾರವೂ ನಾನು ಆ ಮನೆಗೆ ಹೋಗಲಿಲ್ಲ. ಹೋಗಿ, ‘ಕೆಲಸಕ್ಕೆ ಏನೂ ಆಗಲ್ಲ, ಸಿಟ್ಟಲ್ಲಿ ಹಾಗಂದೆ’ ಎಂದು ಹೇಳಿ ಬರಬಹುದಿತ್ತು. ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ದಾರಿ. ಅವನೇ ಮೊದಲು ಬರಲಿ ಎಂದು ಬಿಗುಮಾನದಲ್ಲಿ ಕೂತೆ, ಸೊಂಟ ಹಿಡಿದ ಮನುಷ್ಯ ಬರುವುದು ಹೇಗೆ ಎಂದು ಯೋಚಿಸಲಿಲ್ಲ. ಹನ್ನೆರಡನೇ ತಿಂಗಳ ಮೀನನ್ನೂ ನಾನೇ ಬೆಳಿಗ್ಗೆ ಹೋಗಿ ತಂದೆ. ಆ ಸಲವೂ ಸೊನ್ನೆ ದಶಾಂಶ ಎಂಟೇ. ದಂಡೆಯವರು ನನ್ನ ಹತ್ತಿರ ಹೆಚ್ಚು ಮಾತಾಡಲಿಲ್ಲ. ಅವರೆಲ್ಲ ವಿಷಯ ತಿಳಿದು ತಲೆ ತಗ್ಗಿಸಿದ್ದಾರೆ ಎಂದುಕೊಂಡೆ. ವಿಚಾರಣೆಯ ಹಿಂದಿನ ದಿನ ನನ್ನ ಎಚ್ಚರಿಕೆ ಪತ್ರ ಬಂತು. ಮೂರು ಸಾಲು. ‘ಮುಂದೆ ಜಾಗರೂಕತೆ ವಹಿಸತಕ್ಕದ್ದು.’ ಮಡಚಿ ಕೈಚೀಲದಲ್ಲಿಟ್ಟೆ.

ವಿಚಾರಣೆ ನಡೆದದ್ದು ಒಂದು ಉದ್ದನೆಯ ಸಭಾಂಗಣದಲ್ಲಿ. ಮುಂದೆ ಹಸಿರು ಬಟ್ಟೆ ಹೊದಿಸಿದ ಮೇಜು, ಮಧ್ಯದಲ್ಲಿ ಅಧ್ಯಕ್ಷರು. ಬಲಗಡೆ ಕಾರ್ಖಾನೆಯ ಕಡೆಯ ತಜ್ಞರು, ಟೈ ಕಟ್ಟಿಕೊಂಡ ಸಣಕಲು ಮನುಷ್ಯ. ಎಡಗಡೆ ದಂಡೆಯವರು, ಇಪ್ಪತ್ತೈದು ಮೂವತ್ತು ಜನ. ಚಿಕ್ಕಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ. ಒಂದು ತಿಂಗಳಲ್ಲಿ ಅವನ ಕೆನ್ನೆ ಒಳಗೆ ಹೋಗಿತ್ತು. ನನ್ನತ್ತ ನೋಡಿ ತಲೆಯಾಡಿಸಿದ. ನಾನೂ ತಲೆಯಾಡಿಸಿದೆ. ಸರಿಹೋಯಿತು ಅನ್ನಿಸಿತು.

ಮೇಡಂ ಅಂಕಿಗಳನ್ನು ಓದಿದರು, ನನ್ನ ಪತ್ರ ಓದಿದರು. ಟೈಯವರು ಎದ್ದು ನಿಂತು ಬಲು ವಿನಯದಿಂದ ಮಾತಾಡಿದರು. ಹತ್ತು ತಿಂಗಳು ಮೀನು ಆರೋಗ್ಯವಾಗಿದ್ದವು, ಕೊನೆಯ ಎರಡು ತಿಂಗಳ ಇಳಿತ ಮೊಟ್ಟೆ ಇಟ್ಟ ನಂತರದ್ದು. ಹೊಟ್ಟೆಯಲ್ಲಿ ಸಿಕ್ಕ ನಾರು ಕೊಳೆತ ಗಿಡದ್ದೂ ಇರಬಹುದು. ಸಹಾಯಕಿಯವರಿಗೆ ಈಗ ಅನುಮಾನ ಬಂದಿದ್ದರೆ, ಮೀನು ಕೊಟ್ಟವರನ್ನೇ ಕೇಳಬಹುದಲ್ಲ.

ಅಧ್ಯಕ್ಷರು ಚಿಕ್ಕಪ್ಪನನ್ನು ಕರೆದರು. ಅವನು ಸೊಂಟಕ್ಕೆ ಕೈ ಕೊಟ್ಟು ನಿಧಾನವಾಗಿ ಮುಂದೆ ಹೋಗಿ ನಿಂತ.

“ಹತ್ತು ತಿಂಗಳು ಮೀನು ಕೊಟ್ಟವರು ನೀವೇನಾ?”

“ಹೌದು ಸ್ವಾಮಿ.”

“ಒಳ್ಳೊಳ್ಳೇದು ಆರಿಸಿ ಕೊಟ್ಟಿರಾ?”

ಚಿಕ್ಕಪ್ಪ ಒಮ್ಮೆ ಹಿಂದಕ್ಕೆ ತಿರುಗಿ ನನ್ನನ್ನು ನೋಡಿದ. ಚಿಕ್ಕಂದಿನಲ್ಲಿ ನಾನು ಜ್ವರ ಬಂದು ಮಲಗಿದಾಗ ಹಣೆ ಮುಟ್ಟಿ ನೋಡುವಾಗ ಹಾಗೆ ನೋಡುತ್ತಿದ್ದ.

“ಇಲ್ಲ ಸ್ವಾಮಿ. ಬಲೆಗೆ ಬಂದದ್ದು ಬಂದ ಹಾಗೇ ಕೊಟ್ಟೆ. ಆ ಹುಡುಗಿ ಬರೆದದ್ದರಲ್ಲಿ ಒಂದಕ್ಷರ ತಪ್ಪಿಲ್ಲ.”

ನಾನು ಕುರ್ಚಿ ತಳ್ಳಿ ಎದ್ದೆ. “ಸುಳ್ಳು! ಸರ್, ಇವನು ಸುಳ್ಳು ಹೇಳ್ತಿದ್ದಾನೆ. ಆರಿಸಿದ್ದನ್ನ ನಾನೇ ಕಣ್ಣಾರೆ ಕಂಡಿದ್ದೀನಿ.”

“ಎಷ್ಟು ಸಲ ಕಂಡಿರಿ?” ಎಂದರು ಅಧ್ಯಕ್ಷರು.

“ಒಂದು ಸಲ.”

“ಆ ಹತ್ತು ತಿಂಗಳಲ್ಲಿ?”

ಅಧ್ಯಕ್ಷರು ದಂಡೆಯವರ ಕಡೆ ತಿರುಗಿ, “ಯಾರಾದ್ರೂ ಆರಿಸಿ ಕೊಟ್ಟದ್ದುಂಟಾ?” ಎಂದು ಕೇಳಿದರು. ಅವತ್ತು ಬುಟ್ಟಿಗೆ ಮೀನು ತಂದು ಹಾಕಿದ ಮುದುಕ ಎದ್ದ. ನನ್ನ ಕಡೆ ನೋಡದೆ, “ಇಲ್ಲ ಸ್ವಾಮಿ” ಎಂದ. ಅವನ ಪಕ್ಕದವನು ಎದ್ದ. “ಇಲ್ಲ ಸ್ವಾಮಿ.” ಮೂರನೆಯವನು ಕೂತಲ್ಲಿಂದಲೇ ತಲೆಯಲ್ಲಾಡಿಸಿದ. ಅವರ ಬಾಯಲ್ಲಿ ಒಂದೇ ಮಾತು ಹೇಗೆ ಬಂತು ಎಂದು ಯಾರೂ ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಒಂದು ತಿಂಗಳು ಆ ಸೊಂಟದಲ್ಲೇ ಅವನು ಮನೆಮನೆಗೆ ಹೋಗಿದ್ದ.

“ಹಾಗಾದ್ರೆ ಮೀನು ಸೊರಗಿವೆ ಅಂತ ದೂರು ಯಾಕೆ ಕೊಟ್ಟಿರಿ?” ಎಂದು ಅಧ್ಯಕ್ಷರು ಚಿಕ್ಕಪ್ಪನನ್ನು ಕೇಳಿದರು. ದನಿಯಲ್ಲಿ ಬೇಸರವಿತ್ತು.

ಚಿಕ್ಕಪ್ಪ ಮೇಜಿನ ಹಸಿರು ಬಟ್ಟೆಯನ್ನೇ ನೋಡುತ್ತಾ ನಿಂತ. “ನಮಗೆ ಓದು ಬರಲ್ಲ ಸ್ವಾಮಿ. ಕಣ್ಣಳತೇಲಿ ಹೇಳಿದ್ವಿ. ಆಫೀಸಿನೋರು ತೂಕ ಹಾಕಿ ಹೇಳಿದ್ದೇ ಸರಿ.”

ಅಷ್ಟೇ. ಹತ್ತು ತಿಂಗಳ ಅಂಕಿ ಉಳಿಯಿತು. ದೂರು ವಜಾ, ಎರಡನೇ ಕೊಳವೆಗೆ ಅನುಮತಿ. ಟೈಯವರು ತಮ್ಮ ಕಾಗದ ಜೋಡಿಸಿಕೊಂಡು, ಹೋಗುವಾಗ ನನಗೂ ಕೈಮುಗಿದರು.

ಹೊರಗೆ ಮೆಟ್ಟಿಲ ಮೇಲೆ ಚಿಕ್ಕಪ್ಪ ಕೂತಿದ್ದ. ದಂಡೆಯವರು ಒಬ್ಬೊಬ್ಬರೇ ಇಳಿದು ಹೋಗುತ್ತಿದ್ದರು. ಒಬ್ಬರೂ ನನ್ನನ್ನು ಮುನಿಸಿನಿಂದ ನೋಡಲಿಲ್ಲ. ಒಬ್ಬ ಹೋಗುತ್ತಾ, “ಬರ್ತೀವಿ ಅಕ್ಕ” ಎಂದ. ನಾಳೆಯಿಂದ ಅವರ ಬಲೆಗೆ ಬರುವುದು ಏನೆಂದು ನನಗಿಂತ ಚೆನ್ನಾಗಿ ಅವರಿಗೆ ಗೊತ್ತಿತ್ತು.

ನಾನು ಬೈಯಲೆಂದೇ ಹತ್ತಿರ ಹೋದೆ. ಅವನು ಪಕ್ಕದಲ್ಲಿ ಜಾಗ ಮಾಡಿಕೊಟ್ಟ. ಕೂತೆ. ನನ್ನ ಮೈಯ ಮೀನಿನ ವಾಸನೆಗೆ ಸರಿದು ಕೂರದ ಮನುಷ್ಯ ಈ ಲೋಕದಲ್ಲಿ ಅವನೊಬ್ಬನೇ. ಅವನ ಮಣಿಕಟ್ಟಿನ ಮೂಳೆ ಅಂಗಿಯ ತೋಳಿನಿಂದ ಹೊರಗೆ ಚಾಚಿತ್ತು.

“ನಮ್ಮದೇನು, ವಯಸ್ಸಾಯ್ತು. ಹುಡುಗರು ಬೇರೆ ಕೆಲಸ ನೋಡ್ಕೋತಾರೆ” ಎಂದ. ಆಮೇಲೆ ನನ್ನ ಮುಖ ನೋಡದೆ, “ನಿನ್ನ ಕೆಲಸ ಉಳೀತಲ್ಲ ಮಗಳೇ? ಇನ್ನು ಯಾರೂ ಏನೂ ಅನ್ನಲ್ವಲ್ಲ?” ಎಂದು ಕೇಳಿದ.

ಮೂರು ಸಾಲಿನ ಪತ್ರ ನನ್ನ ಕೈಚೀಲದಲ್ಲಿತ್ತು. ಮೇಡಂ ನಮ್ಮ ಹಿಂದೆ ಬಾಗಿಲಲ್ಲಿ ನಿಂತಿದ್ದರು. ಅವರು ಈ ಮಾತು ಕೇಳಿಸಿಕೊಂಡರು, ನನ್ನನ್ನು ನೋಡಿದರು, ಬಾಯಿ ತೆರೆಯಲು ಹೊರಟವರು ಸುಮ್ಮನಾದರು.

“ಉಳೀತು ಚಿಕ್ಕಪ್ಪ” ಎಂದೆ. “ನೀನು ಹೇಳಿದ್ದಕ್ಕೇ ಉಳೀತು.”